ಸಹಾಯಾರ್ಥ ಪ್ರದರ್ಶನವೂ ಕನ್ನಡ ಗೀತನಾಟಕವೂ

ಮೈಸೂರಿನ ಲಕ್ಷ್ಮೀಪುರಂನಂತಹ ಬಡಾವಣೆಯೊಂದರಲ್ಲಿ ನಾಲ್ಕಾರು ಮನೆಗಳವರು ಕೂಡಿ ಹೊಸದಾಗಿ ಗೀತನಾಟಕದ ಮಂಡಲಿಯನ್ನು ಕಟ್ಟಿದರೆ, ಅವರಿಗೆ ಮೊದಲು ಒದಗುವ ಕಷ್ಟವು ರಾಗದ್ದೂ ಅಲ್ಲ, ತಾಳದ್ದೂ ಅಲ್ಲ, ಹಣದ್ದು. ಪಕ್ಕವಾದ್ಯದವರ ಸಂಭಾವನೆ, ರಂಗಮಂದಿರದ ಬಾಡಿಗೆ, ವೇಷಭೂಷಣ, ದೀಪ, ಇವೆಲ್ಲವೂ ಗದ್ಯನಾಟಕಕ್ಕಿಂತ ಗೀತನಾಟಕಕ್ಕೆ ಹೆಚ್ಚು ಬೇಕಾಗುವುವು. ಆದುದರಿಂದ ಅಂತಹ ಮಂಡಲಿಯ ಮೊದಲನೆಯ ಪ್ರದರ್ಶನವೇ ಬಹುಮಟ್ಟಿಗೆ ಸಹಾಯಾರ್ಥ ಪ್ರದರ್ಶನವಾಗಿಬಿಡುವುದು. ಹಣ ಕೂಡಿಸುವುದರಲ್ಲಿ ದೋಷವೇನೂ ಇಲ್ಲ. ಆದರೆ ಹಣಕ್ಕಾಗಿ ಆಡಿದ ಆಟವು ಕೃತಿಯ ಅಂಗಾಂಗಗಳನ್ನು ಹೇಗೆ ಮಾರ್ಪಡಿಸುವುದೆಂಬುದನ್ನು ವಿಮರ್ಶಕರು ಅಷ್ಟಾಗಿ ವಿಚಾರಿಸಿದಂತೆ ತೋರುವುದಿಲ್ಲ.

ಮೈಸೂರು ನಾಟಕದ ಇತಿಹಾಸವೇ ಇದಕ್ಕೆ ಸಾಕ್ಷಿ. 1881ರಿಂದ 1894ರವರೆಗೆ ಆಳಿದ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕಸಭೆ ಬೆಳೆದಾಗ, ಬಸವಪ್ಪಶಾಸ್ತ್ರಿಗಳು ಕನ್ನಡಿಸಿದ ಶಾಕುಂತಲವೇ ಮೊದಲಾದ ನಾಟಕಗಳಲ್ಲಿ ಪದ್ಯವೂ ಹಾಡೂ ಕಥೆಯ ಮೈಯೊಳಗೇ ಸೇರಿದ್ದುವು. ನೋಡುವವರಲ್ಲಿ ಮುಖ್ಯರಾದವರು ಪ್ರಭುಗಳು. ವೆಚ್ಚವನ್ನು ಹೊತ್ತವರೂ ಅವರೇ. ಮುಂದೆ ಎ. ವಿ. ವರದಾಚಾರ್ಯರ ರತ್ನಾವಳಿ ಕಂಪನಿಯ ಕಾಲಕ್ಕೆ ನಾಟಕವು ಟಿಕೆಟ್ಟಿನ ಮೇಲೆ ಬದುಕತಕ್ಕುದಾಯಿತು. ವರದಾಚಾರ್ಯರು ದೊಡ್ಡ ನಟರೂ ಗಾಯಕರೂ ಆಗಿದ್ದುದರಿಂದ ಅವರಲ್ಲಿ ಅಭಿನಯವೂ ಗಾನವೂ ಒಂದಾಗಿದ್ದುವು. ಉಳಿದವರಲ್ಲಿ ಹಾಗಾಗಲಿಲ್ಲ. ಸಭಿಕರು ‘ಒನ್ಸ್ ಮೋರ್’ ಎಂದು ಕೂಗಿದೊಡನೆ ಸತ್ತು ಬಿದ್ದ ಪಾತ್ರವೂ ಎದ್ದು ಕುಳಿತು ಹಾಡನ್ನು ಮತ್ತೊಮ್ಮೆ ಹಾಡಿ ಪುನಃ ಸಾಯುತ್ತಿದ್ದಿತೆಂಬ ಪರಿಹಾಸವು ಕಂಪನಿ ನಾಟಕಗಳ ವಿಷಯದಲ್ಲಿ ಬಹಳ ಕಾಲ ಪ್ರಚಾರದಲ್ಲಿದ್ದಿತು. ಹಾಡಿಗೆ ಕೊಟ್ಟ ಹಣವನ್ನು ಹಾಡಿನಿಂದಲೇ ವಸೂಲುಮಾಡುವ ನ್ಯಾಯವದು. ಇದರಿಂದ ಬೇಸತ್ತ ಹವ್ಯಾಸಿಗಳು ಕೈಲಾಸಂ ಅವರ ಗದ್ಯದ ಮಾರ್ಗವನ್ನು ಹಿಡಿದರು. ‘ಒನ್ಸ್ ಮೋರ್’ ಹೋಯಿತು. ಅದರೊಡನೆ ಹವ್ಯಾಸಿಗಳ ರಂಗದಿಂದ ಹಾಡೂ ಹೋಯಿತು. ಈ ಎರಡನೆಯ ನಷ್ಟಕ್ಕಾಗಿ ಆಗ ಮರುಗಿದವರು ಹೆಚ್ಚು ಮಂದಿಯಿದ್ದಂತೆ ಕಾಣದು.

ಮರುಗಿದವರಲ್ಲಿ ಪು. ತಿ. ನರಸಿಂಹಾಚಾರ್ಯರು ಒಬ್ಬರು, ಶಿವರಾಮ ಕಾರಂತರೂ ತಮ್ಮದೇ ದಾರಿಯಲ್ಲಿ ಗೀತನಾಟಕಗಳನ್ನು ಬರೆದು ಆಡಿಸಿದರು. ನರಸಿಂಹಾಚಾರ್ಯರ ‘ಅಹಲ್ಯೆ’ ಮತ್ತು ‘ಗೋಕುಲ ನಿರ್ಗಮನ’ಗಳು 1940ರ ದಶಕದ ಕೃತಿಗಳು. ಎರಡನೆಯದು ಹೊಸ ಮಂಡಲಿಗೆ ಒಪ್ಪುವಂತೆಯೂ ಅದನ್ನು ಕಠಿನವಾಗಿ ಪರೀಕ್ಷಿಸುವಂತೆಯೂ ಇದೆ. ಕಥೆ ಎಲ್ಲರೂ ಬಲ್ಲುದು: ಅಕ್ರೂರನು ಬರುವನು, ಕೃಷ್ಣನು ಮಧುರೆಗೆ ಹೊರಡುವನು. ಹೋಗುವಾಗ ಕೊಳಲನ್ನು ಬಿಟ್ಟುಹೋಗುವನು. ಮೇಲುಕೋಟೆಯಲ್ಲಿ ಹುಟ್ಟಿ ಬೆಳೆದ ಕವಿಗೆ ಶ್ರೀವೈಷ್ಣವಭಕ್ತಿ ಸಹಜವಾದುದು. ಆದರೆ ಇಲ್ಲಿಯ ಆರ್ತಿ ಕೇವಲ ಭಕ್ತಿಯದಲ್ಲ. ಲೋಕಕಾರ್ಯಕ್ಕೆ ಹೊರಟವನು ಗಾನವನ್ನು ತ್ಯಜಿಸಬೇಕಾಗುವ ಸಂಕಟವದು. ಹೀಗೆ, ಆದ್ಯಂತವೂ ಗೀತವಾದ ನಾಟಕವು ಗೀತದ ವಿದಾಯದಲ್ಲಿ ಮುಗಿಯುವುದು. ರಂಗದ ಮೇಲೆ ಇದರ ಅರ್ಥ ತಟ್ಟಬೇಕಾದರೆ ಅದಕ್ಕೆ ಮುಂಚಿನ ಹಾಡುಗಳೆಲ್ಲ ಒಂದೇ ಉಸಿರಿನಲ್ಲಿ ಬಂದಂತಿರಬೇಕು. ಮೆಚ್ಚುಗೆಯಾದ ಹಾಡೊಂದನ್ನು ನಡುವೆ ಮರಳಿ ಹಾಡಿದರೆ, ಅತ್ತ ಅಕ್ರೂರನ ರಥ ಕಾಯುತ್ತಿರುವಾಗ ಇತ್ತ ಕಚೇರಿ ನಡೆದಂತಾಗುವುದು.

ಹಾಗೆಂದು ಈ ಕೃತಿಯು ವಿದ್ವಾಂಸರ ಕಂಠಗಳಿಗೇ ಮೀಸಲೆಂದು ಹೇಳಲಾಗದು. ಇದರಲ್ಲಿ ಗೋಕುಲವೇ ಒಂದು ಪಾತ್ರ. ಒಂಟಿಕಂಠದ ಗಮಕಸಂಪತ್ತಿಗಿಂತ ಗೋಪಗೋಪಿಯರ ಸಮೂಹದ ಒಮ್ಮತವೇ ಇಲ್ಲಿ ಹೆಚ್ಚು ಬೆಲೆಯುಳ್ಳದ್ದು. ಈ ಒಮ್ಮತವು ಒಂದೇ ಬೀದಿಯಲ್ಲಿದ್ದು ಪ್ರತಿಸಂಜೆಯೂ ಕೂಡತಕ್ಕವರಿಗೆ ಸಾಧಿಸುವಷ್ಟು ಸುಲಭವಾಗಿ ಸಂಭಾವನೆಗೆ ಬಂದ ಗಾಯಕರಿಗೆ ಸಾಧಿಸದು. ಮುಂದೆ ಈ ಕೃತಿಯನ್ನು ರಂಗಕ್ಕೆ ತಂದ ಬಿ. ವಿ. ಕಾರಂತರು ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿ ಬೆಳೆದವರೆಂಬುದು ಗಮನಾರ್ಹ. ಹವ್ಯಾಸಿಗಳು ಹೊರಗೆ ಹಾಕಿದ ಹಾಡನ್ನು ಕಂಪನಿಯ ಮನೆಯ ಹುಡುಗನೇ ಹಿಂದಕ್ಕೆ ತಂದಂತಾಯಿತು.

ಯೂರೋಪಿನ ಆಪೆರಾದ ಚರಿತ್ರೆಯಲ್ಲಿಯೂ ಇದೇ ತೊಡಕು ಕಾಣುವುದು. 1600ರ ಸುಮಾರಿನಲ್ಲಿ ಫ್ಲಾರೆನ್ಸಿನ ಪಂಡಿತರು ಪ್ರಾಚೀನ ಗ್ರೀಕರ ನಾಟಕವನ್ನು ಅನುಸರಿಸಲೆಳಸಿ, ಮಾತಿಗೆ ಅಧೀನವಾದ ಗಾನವನ್ನು ಕಲ್ಪಿಸಿದರು. ಅದನ್ನು ಪೋಷಿಸಿದುದು ಅರಮನೆ. 1637ರಲ್ಲಿ ವೆನಿಸ್ ನಗರದಲ್ಲಿ ಹಣ ಕೊಟ್ಟವರಿಗೆಲ್ಲ ಪ್ರವೇಶವುಳ್ಳ ಆಪೆರಾಮಂದಿರ ತೆರೆಯಿತು. ಅಲ್ಲಿಂದ ಮುಂದೆ ಬಿಡಿಹಾಡುಗಳು ಹೆಚ್ಚಿದುವು, ಗಾಯಕರ ಬೆಲೆ ಏರಿತು, ನಡುವಣ ಗೇಯಸಂಭಾಷಣೆ ಸೊರಗಿತು. ಇದಕ್ಕೆ ಪ್ರತಿಯಾದ ದೃಷ್ಟಾಂತವೂ ಉಂಟು. 1742ರ ಏಪ್ರಿಲಿನಲ್ಲಿ ಡಬ್ಲಿನ್ ನಗರದಲ್ಲಿ ಹ್ಯಾಂಡೆಲನ ‘ಮೆಸಾಯ’ ಮೊದಲು ಕೇಳಿಬಂದುದು ಧರ್ಮಾರ್ಥವಾಗಿಯೇ: ಸಾಲಕ್ಕಾಗಿ ಸೆರೆಯಲ್ಲಿದ್ದವರ ಬಿಡುಗಡೆ, ಎರಡು ಆಸ್ಪತ್ರೆಗಳ ಪೋಷಣೆ, ಇವು ಅದರ ಉದ್ದೇಶ. ಹೆಚ್ಚು ಜನರಿಗೆ ಎಡೆಯಾಗಲೆಂದು ಸ್ತ್ರೀಯರು ಬಳೆಗಟ್ಟಿನ ಲಂಗಗಳನ್ನೂ ಪುರುಷರು ಕತ್ತಿಗಳನ್ನೂ ಬಿಟ್ಟುಬರಬೇಕೆಂದು ಪ್ರಾರ್ಥಿಸಲಾಗಿದ್ದಿತು. ಅದು ವೇಷವಿಲ್ಲದ, ರಂಗಾಭಿನಯವಿಲ್ಲದ ಗೇಯಪ್ರಬಂಧ; ಆದರೂ ಇಲ್ಲಿ ಅದರ ಪ್ರಸ್ತಾಪ ಸಲ್ಲುವುದು. ಅಲ್ಲಿ ಎಡೆ ಬಿಟ್ಟುಕೊಟ್ಟವರು ಸಭಿಕರೇ ಹೊರತು ಕೃತಿಯಲ್ಲ.

ಇಷ್ಟು ದೂರ ಹೋಗದೆಯೂ ಯಕ್ಷಗಾನದ ಹರಕೆಯಾಟವನ್ನು ನೋಡಬಹುದು. ಅಲ್ಲಿ ಹರಕೆ ಹೊತ್ತ ಮನೆಯವರು ಮೇಳಕ್ಕೆ ಸಲ್ಲತಕ್ಕುದನ್ನು ಮೊದಲೇ ಸಲ್ಲಿಸುವರು. ನೋಡುವ ಊರಿಗೆ ವೆಚ್ಚವಿಲ್ಲ. ಆದುದರಿಂದ ಭಾಗವತನು ಪ್ರಸಂಗಕ್ಕೆ ಬದ್ಧನೇ ಹೊರತು ಕೂಗುವ ಸಭೆಗಲ್ಲ. ಟಿಕೆಟ್ಟಿನ ಡೇರೆಮೇಳಗಳು ಬಂದಮೇಲೆ ಈ ಸಂಬಂಧ ಬೇರೆಯಾಯಿತು. ಹೊಸ ಮಂಡಲಿಗೆ ಇದರಿಂದ ದೊರೆಯುವ ಸೂಚನೆ ಸ್ಪಷ್ಟವಾಗಿದೆ. ದಾನವನ್ನು ಆಟಕ್ಕೆ ಮೊದಲೇ ಮನೆಮನೆಯಿಂದ ಕೂಡಿಸಿ, ಬಾಗಿಲಲ್ಲಿ ಮಾರುವ ಟಿಕೆಟ್ಟನ್ನು ಗೌಣವಾಗಿಸಿದರೆ, ಯಾವ ಹಾಡು ಜನರನ್ನು ಸೆಳೆದೀತು ಎಂಬ ಚಿಂತೆ ಅಷ್ಟರಮಟ್ಟಿಗೆ ಕಡಿಮೆಯಾಗುವುದು. ನಾಲ್ಕು ಪ್ರಸಿದ್ಧ ಗೀತಗಳನ್ನು ಉಳಿಸಿಕೊಂಡು ಸಂಭಾಷಣೆಯನ್ನು ಕತ್ತರಿಸುವ ಸಂಕ್ಷೇಪಕ್ಕಿಂತ, ಒಂದೇ ದೃಶ್ಯವನ್ನು ಸಮಗ್ರವಾಗಿ ಆಡುವುದು ಲೇಸು. ಒಳ್ಳೆಯ ಕಂಠವುಳ್ಳವರು ಇದಕ್ಕೆ ಒಪ್ಪುವುದು ಕಷ್ಟ. ಅವರ ಬಂಧುಗಳು ಒಪ್ಪುವುದು ಇನ್ನೂ ಕಷ್ಟ.

ಇನ್ನೊಂದು ವಿಷಯ. ಸಹಾಯಾರ್ಥ ಪ್ರದರ್ಶನಗಳಲ್ಲಿ ನಾಟಕವನ್ನು ಅರ್ಧಕ್ಕೆ ನಿಲ್ಲಿಸಿ ದಾತೃಗಳಿಗೆ ಮಾಲೆಯರ್ಪಿಸಿ ಭಾಷಣಮಾಡುವ ಪದ್ಧತಿಯುಂಟು. ‘ಗೋಕುಲ ನಿರ್ಗಮನ’ವನ್ನು ಆಡುವವರು ಇದನ್ನೆಲ್ಲ ನಾಂದಿಗೆ ಮೊದಲೇ ಮುಗಿಸಿಬಿಡತಕ್ಕುದು. ಕೊಳಲು ನೆಲವನ್ನು ಮುಟ್ಟಿದ ಮೇಲೆ ಪಿಟೀಲಾಗಲಿ ಹಾರ್ಮೋನಿಯಮ್ಮಾಗಲಿ ನುಡಿಯಬಾರದು. ಕೊನೆಯಲ್ಲಿ ಮಂಗಳ ಹಾಡಲೇಬೇಕೆಂದು ಬಡಾವಣೆಯ ಹಿರಿಯರು ಹಟಹಿಡಿದರೆ, ತೆರೆ ಬಿದ್ದು ಸಭಿಕರು ಎದ್ದ ಮೇಲೆ ಹಾಡಬಹುದು.