ಬಟ್ಟಲು ಹಿಡಿದವರ ಕಾವ್ಯ

ಕಳೆದ ದಸರಾ ರಜೆಯಲ್ಲಿ ಬೆಂಗಳೂರಿನ ಗೆಳತಿಯರ ಜೊತೆ ನಂದಿ ಬೆಟ್ಟದ ತಪ್ಪಲಿನ ವೈನರಿಯೊಂದನ್ನು ನೋಡಲು ಹೋಗಿದ್ದೆ. ಟಿಕೆಟ್ ಕೊಂಡರೆ ದ್ರಾಕ್ಷಿ ತೋಟ ಸುತ್ತಿಸಿ, ಉಕ್ಕಿನ ಟ್ಯಾಂಕುಗಳನ್ನೂ ಓಕ್ ಮರದ ಪೀಪಾಯಿಗಳನ್ನೂ ತೋರಿಸಿ, ಕೊನೆಗೆ ಉದ್ದನೆಯ ಮೇಜಿನ ಮುಂದೆ ಕೂರಿಸಿ ಐದು ಬಗೆಯ ವೈನನ್ನು ಸ್ವಲ್ಪ ಸ್ವಲ್ಪ ಕೊಡುತ್ತಾರೆ. ಕುಡಿಯುವ ಮೊದಲು ಲೋಟ ಓರೆ ಮಾಡಿ ಬಣ್ಣ ನೋಡಬೇಕು, ಅಲುಗಿಸಿ ಮೂಸಬೇಕು, ಒಂದು ಗುಟುಕನ್ನು ನಾಲಗೆಯ ಮೇಲೆ ನಿಲ್ಲಿಸಿಕೊಳ್ಳಬೇಕು. ಪದ್ಯವೊಂದನ್ನು ನಿಧಾನವಾಗಿ ಓದುವುದನ್ನು ಮೇಷ್ಟ್ರು ಕಲಿಸಿದ ಹಾಗೆಯೇ ಇತ್ತು. ನನಗೆ ಇಷ್ಟವಾಯಿತು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಕೆಂಪು ವೈನಿನ ಸರದಿ ಬಂದಾಗ ವಿವರಿಸುತ್ತಿದ್ದ ಹುಡುಗ 'ಟ್ಯಾನಿನ್' ಎಂದ. ಕನ್ನಡದಲ್ಲಿ ಏನಂತೀರಿ ಎಂದು ಕೇಳಿದೆ. "ಕನ್ನಡದಲ್ಲಿ ಯಾರೂ ಕೇಳಲ್ಲ ಮೇಡಂ" ಎಂದು ನಕ್ಕ. ಇನ್ನೊಂದು ಗುಟುಕು ಕುಡಿದೆ. ಒಗರು! ಬಾಳೆಕಾಯಿ, ಅಡಿಕೆ, ನೇರಳೆ ತಿಂದ ಯಾವ ನಾಲಗೆಗೂ ಗೊತ್ತಿರುವ ಒಗರು. ಪದ ನಮ್ಮಲ್ಲಿತ್ತು, ಆ ಮೇಜಿನ ಮೇಲೆ ಅದಕ್ಕೆ ಜಾಗ ಇರಲಿಲ್ಲ.

ಈ ಸಣ್ಣ ಸಂಗತಿಯನ್ನು ಹಿಡಿದುಕೊಂಡೇ ದೀಪಾವಳಿಗೆ ಸುರಪುರಕ್ಕೆ ಹೋದೆ. ನಮ್ಮ ಓಣಿಯ ಮುತ್ಯಾ ಒಬ್ಬರಿಗೆ ಸೇಂದಿಯ ಕಾಲ ಚೆನ್ನಾಗಿ ನೆನಪಿದೆ. ವೈನರಿಯಲ್ಲಿ ಕೇಳಿದ್ದನ್ನು ಹೇಳಿದೆ: ಒಂದೇ ಜಾತಿಯ ದ್ರಾಕ್ಷಿಯೂ ಮಣ್ಣು, ಇಳಿಜಾರು, ಬಿಸಿಲು ಬದಲಾದರೆ ಬೇರೆ ರುಚಿ ಕೊಡುತ್ತದಂತೆ, ಅದಕ್ಕೆ ಫ್ರೆಂಚರು 'ಟೆರ್ವಾರ್' ಎನ್ನುತ್ತಾರಂತೆ. ಮುತ್ಯಾ ಅಚ್ಚರಿಪಡಲಿಲ್ಲ. "ಹಳ್ಳದ ದಂಡಿ ಈಚಲದ್ದು ಬ್ಯಾರಿ, ಗುಡ್ಡದ್ದು ಬ್ಯಾರಿ. ಬಾಯಾಗ ಇಟ್ರ ಹೇಳ್ತಿದ್ವಿ ಯವ್ವಾ. ಮುಂಜಾನಿ ಇಳಿಸಿದ್ದು ಸಿಹಿ, ಹೊತ್ತು ಏರಿದಂಗ ಹುಳಿ ಏರ್ತಿತ್ತು" ಎಂದರು. ಈಚಲು ಮರದಿಂದ ಇಳಿದ ರಸ ಕೆಲವೇ ಗಂಟೆಗಳಲ್ಲಿ ತಾನಾಗಿಯೇ ಹುಳಿಯುತ್ತದೆ. ಪೀಪಾಯಿ ಬೇಡ, ವರ್ಷಗಟ್ಟಲೆ ಕಾಯುವುದೂ ಬೇಡ. ಆ ಅವಸರದ ಪಾನೀಯಕ್ಕೂ ರುಚಿಯ ಶಾಸ್ತ್ರವೊಂದು ಇತ್ತು ಎಂದು ನನಗೆ ಖುಷಿಯಾಯಿತು. ಇದನ್ನೇ ಬರೆಯಬೇಕು ಅಂದುಕೊಂಡೆ.

ಅಷ್ಟರಲ್ಲಿ ಒಳಗಿನಿಂದ ಅವ್ವ ಕೇಳಿದಳು: "ರುಚಿ ಅವ್ರಿಗಿ ಕೇಳಿದಿ. ಅದರ ಲೆಕ್ಕ ಯಾರಿಗಿ ಕೇಳ್ತಿ?"

ನಾನು ಬರೆಯಬೇಕೆಂದಿದ್ದ ಲೇಖನ ಅಲ್ಲಿಗೆ ನಿಂತಿತು. ಇದು ಅದರ ಬದಲಿಗೆ ಬರೆದದ್ದು.

2007ನ್ನು ನೋಡಿ. ಆ ವರ್ಷದ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ರಾಜ್ಯ ಸರ್ಕಾರ ದ್ರಾಕ್ಷಾರಸ ನೀತಿಯನ್ನೂ ತಂದಿತು. ಒಂದೇ ವರ್ಷದಲ್ಲಿ ಕೂಲಿಯವನ ಪ್ಯಾಕೆಟ್ಟು ಅಪರಾಧವಾಯಿತು, ದ್ರಾಕ್ಷಿಯ ಬಾಟಲಿ ಕೃಷಿ ಅಭಿವೃದ್ಧಿಯಾಯಿತು. ಒಬ್ಬ ಕುಡುಕ, ಇನ್ನೊಬ್ಬ ರಸಿಕ. ಈ ವ್ಯಂಗ್ಯವನ್ನು ತೋರಿಸಿ ನಿಲ್ಲಿಸುವುದು ಸುಲಭ, ನನ್ನ ಮೊದಲ ಲೇಖನ ಅದನ್ನೇ ಮಾಡುತ್ತಿತ್ತು. ಆದರೆ ಸಾರಾಯಿ ನಿಲ್ಲಲಿ ಎಂದವರಲ್ಲಿ ಕೂಲಿಯವನ ಮನೆಯ ಹೆಂಗಸರೂ ಇದ್ದರು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದ ಸಾವಿರಾರು ಮಹಿಳೆಯರಲ್ಲಿ ನಮ್ಮ ಪಕ್ಕದ ರಾಯಚೂರಿನವರು ಬಹಳ ಇದ್ದರು. ಸೇಂದಿಯ ಬಗ್ಗೆ ಹಳಹಳಿಸಿ ಬರೆಯುವವರು ಈ ನಡಿಗೆಯನ್ನು ಮರೆಯುವಂತಿಲ್ಲ. ಈಗ ರಾಯಚೂರು ಕಡೆಯಿಂದ ಸೇಂದಿಯ ಸುದ್ದಿ ಬಂದರೆ ಅದು ಮುತ್ಯಾ ಹೇಳಿದ ಸೇಂದಿಯದಲ್ಲ, ಸಿ.ಎಚ್. ಪೌಡರ್ ಎನ್ನುವ ಕ್ಲೋರಲ್ ಹೈಡ್ರೇಟ್ ಬೆರೆಸಿದ ಕಲಬೆರಕೆ ಸೇಂದಿಯದು. ಅದಕ್ಕೆ ಹಳ್ಳದ ದಂಡೆಯೂ ಇಲ್ಲ, ಗುಡ್ಡವೂ ಇಲ್ಲ.

ಅವ್ವನ ಪ್ರಶ್ನೆಯನ್ನು ನಮ್ಮ ಸಾಹಿತ್ಯಕ್ಕೆ ಕೇಳಿದರೆ ಏನು ಉತ್ತರ ಸಿಗುತ್ತದೆ?

ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಪಂಪ 'ವಿಕ್ರಮಾರ್ಜುನ ವಿಜಯ'ದ 4ನೆಯ ಆಶ್ವಾಸದಲ್ಲಿ ಅರ್ಜುನನನ್ನು ರಾತ್ರಿಯ ದ್ವಾರಾವತಿಯಲ್ಲಿ ನಡೆಸುತ್ತಾ ಪಾನಭೂಮಿಯನ್ನು ತೋರಿಸುತ್ತಾನೆ. ಕುಡಿಯುವ ಬಗೆಗಳು, ಬೆಲೆಬಾಳುವ ಬಟ್ಟಲುಗಳು, ಅಮಲೇರಿದವರ ತೊದಲು, ಎಲ್ಲವೂ ಅಲ್ಲಿವೆ. ಅರ್ಜುನ ನೋಡುತ್ತಾ ಮುಂದೆ ಹೋಗುತ್ತಾನೆ. ಕನ್ನಡದ ಮೊದಲ ಮಧುಪ್ರವಾಸಿ ಅವನೇ ಎಂದು ತಮಾಷೆಗೆ ಹೇಳಬಹುದು. ಆ ಕಳ್ಳನ್ನು ಇಳಿಸಿದವರು ಯಾರು ಎನ್ನುವುದು ಅವನಿಗೆ ಕಾಣುವುದಿಲ್ಲ, ವರ್ಣನೆಯ ಸಂಪ್ರದಾಯ ಅದನ್ನು ಕೇಳುವುದೂ ಇಲ್ಲ.

ಕೇಳದೆಯೇ ಉತ್ತರ ಕೊಟ್ಟವನು 12ನೆಯ ಶತಮಾನದ ಹೆಂಡದ ಮಾರಯ್ಯ. ಹೆಂಡ ಮಾರುವುದು ಅವನ ಕಾಯಕ, ಧರ್ಮೇಶ್ವರಲಿಂಗ ಅವನ ಅಂಕಿತ. ಸಿಕ್ಕಿರುವ ವಚನಗಳು ಕೆಲವೇ, ಅವುಗಳಲ್ಲಿ ಅವನ ಕಸುಬಿನ ಪಾತ್ರೆಯೂ ಪಾನವೂ ದೇಹಕ್ಕೆ, ಅರಿವಿಗೆ ರೂಪಕಗಳಾಗುತ್ತವೆ. ತರಗತಿಗಳಲ್ಲಿ ನಾವು ಆ ರೂಪಕದ ಅನುಭಾವವನ್ನು ವಿವರಿಸಿ ಮುಗಿಸುತ್ತೇವೆ. ರೂಪಕವಾಗುವ ಮೊದಲು ಅದು ಒಬ್ಬನು ಹೊತ್ತ ಮಡಕೆಯಾಗಿತ್ತು ಎಂಬುದು ಟಿಪ್ಪಣಿಗೆ ಇಳಿಯುತ್ತದೆ. ಬಟ್ಟಲಿನ ಆಚೆ ನಿಂತು ಮಾತಾಡಿದ ಅಪರೂಪದ ದನಿಯನ್ನು ನಾವೇ ತೆಳುಮಾಡಿದ್ದೇವೆ.

ಇನ್ನು ಜಿ.ಪಿ. ರಾಜರತ್ನಂ ಅವರ ಎಂಡ್ಕುಡ್ಕ ರತ್ನ. 1930ರ ದಶಕದಲ್ಲಿ ಬಂದ ಈ ಪದಗಳ ದೊಡ್ಡ ಸಾಧನೆ ಎಂದರೆ ಕುಡುಕನಿಗೆ ಅವನದೇ ಆಡುಮಾತು ಕೊಟ್ಟದ್ದು. ಕವಿ ಸ್ವತಃ ಕುಡಿಯುವವರಲ್ಲ ಎನ್ನುವುದೂ ಈ ಪದಗಳ ಕತೆಯ ಭಾಗವಾಗಿಬಿಟ್ಟಿದೆ. ಆದರೆ ಎಲ್ಲರ ಬಾಯಲ್ಲಿರುವ ಆ ಪದವನ್ನು ಮತ್ತೊಮ್ಮೆ ಓದಿ. ದೇವರು ಹೆಂಡ ಬಿಡು ಎಂದರೆ ರತ್ನ ಬಿಡುತ್ತಾನೆ. ಹೆಂಡತಿಯನ್ನು ಬಿಡು ಎಂದರೆ ಪೀಡೆ ತೊಲಗಿತು ಎನ್ನುವಂತೆ ಒಪ್ಪುತ್ತಾನೆ. ಕನ್ನಡವನ್ನು ಮಾತ್ರ ಬಿಡುವುದಿಲ್ಲ. ಪಿಯುಸಿಯಿಂದ ಎಂ.ಎ. ತನಕ ನಾನು ಕೂತ ಎಲ್ಲ ತರಗತಿಗಳಲ್ಲೂ ಎರಡನೆಯ ಮಾತಿಗೆ ನಗು ಬಂದಿದೆ, ನಾನೂ ನಕ್ಕಿದ್ದೇನೆ. ಪುಟ್ನಂಜಿಯ ಪದಗಳಲ್ಲಿ ರತ್ನನಿಗೆ ಹೆಂಡತಿಯ ಮೇಲಿರುವ ಅಕ್ಕರೆ ನಿಜವಾದದ್ದು, ಅದನ್ನು ಮುಚ್ಚಿಟ್ಟು ರಾಜರತ್ನಂ ಅವರನ್ನು ದೂರುವುದು ಅನ್ಯಾಯ. ಆದರೂ ಆ ಅಕ್ಕರೆ ರತ್ನನ ಬಾಯಿಂದಲೇ ಬರುತ್ತದೆ. ಮನೆಯಲ್ಲಿ ಕಾದು ಕೂತ ಪುಟ್ನಂಜಿ ಲೆಕ್ಕ ಒಪ್ಪಿಸುವುದಿಲ್ಲ.

ಪಾನಭೂಮಿ, ರತ್ನನ ಪದ, ವೈನರಿಯ ಮೇಜು: ಕಾಲವೂ ವರ್ಗವೂ ಬೇರೆ, ನೋಡುವ ಜಾಗ ಮಾತ್ರ ಒಂದೇ, ಬಟ್ಟಲು ಹಿಡಿದವರದು. ವೈನರಿ ಪ್ರವಾಸದ ಹೆಚ್ಚುಗಾರಿಕೆಯನ್ನೂ ಹೇಳಬೇಕು. ಪಾನೀಯವೊಂದು ಮಣ್ಣಿನಿಂದ, ದುಡಿಮೆಯಿಂದ ಬರುತ್ತದೆ ಎಂದು ಅದು ತೋರಿಸುತ್ತದೆ, ಇದು ಪಂಪನ ವರ್ಣನೆಯಲ್ಲೂ ಇಲ್ಲ. ಆದರೆ ನಾವು ಹೋದ ದಿನ ಸಾಲುಗಳ ನಡುವೆ ಕೆಲಸ ಮಾಡುತ್ತಿದ್ದ ಹೆಂಗಸರನ್ನು ದಾಟಿಕೊಂಡೇ ಪೀಪಾಯಿಗಳ ಕಡೆ ನಡೆದೆವು. ವಿವರಣೆ ಅವರ ಹತ್ತಿರ ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ.

ಹಾಗಾದರೆ ಅವ್ವ ಕೇಳಿದ ಲೆಕ್ಕ ಕನ್ನಡದಲ್ಲಿ ಎಲ್ಲೂ ಇಲ್ಲವೇ? ಇದೆ. ನಮ್ಮ ಕಡೆಯ ಬೀಸುವ ಪದಗಳಲ್ಲಿ, ಕುಟ್ಟುವ ಪದಗಳಲ್ಲಿ ಹೆಂಗಸರು ಗಂಡನ ಗುಣ ಅವಗುಣಗಳನ್ನು ಕಲ್ಲಿನ ಮುಂದೆ ಹೇಳಿಕೊಂಡಿದ್ದಾರೆ. ನಮ್ಮ ಪಠ್ಯಕ್ರಮ ಅವುಗಳನ್ನು ಜಾನಪದ ಎಂಬ ಪತ್ರಿಕೆಯಲ್ಲಿ, ರತ್ನನನ್ನು ಆಧುನಿಕ ಕಾವ್ಯ ಎಂಬ ಪತ್ರಿಕೆಯಲ್ಲಿ, ಮಾರಯ್ಯನನ್ನು ವಚನ ಸಾಹಿತ್ಯ ಎಂಬ ಪತ್ರಿಕೆಯಲ್ಲಿ ಇಟ್ಟಿದೆ. ಒಂದೇ ಮನೆಯ ಗಂಡ, ಹೆಂಡತಿ, ಹೆಂಡ ಮಾರಿದವನು ಮೂರು ಬೇರೆ ಸೆಮಿಸ್ಟರುಗಳಲ್ಲಿ ಮಾತಾಡುತ್ತಾರೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ.

ಮುಂದಿನ ವರ್ಷ ಪಾಠ ಮಾಡುವ ಅವಕಾಶ ಸಿಕ್ಕರೆ ಈ ಮೂರನ್ನೂ ಒಂದೇ ದಿನ, ಒಂದೇ ತರಗತಿಯಲ್ಲಿ ಓದಿಸಬೇಕು ಎಂದುಕೊಂಡಿದ್ದೇನೆ. ರತ್ನನ ಪದಕ್ಕೆ ಹುಡುಗರು ನಗಲಿ, ನಗಬೇಕು. ಅದಾದ ಮೇಲೆ ಬೀಸುವ ಕಲ್ಲಿನ ಪದ ಓದೋಣ.