ಕೇರಿಯ ನೆಲ ಅಗ್ಗವಾದದ್ದು ಹೇಗೆ?

'ಜೆಂಟ್ರಿಫಿಕೇಷನ್' ಎಂಬುದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂದು ಬಿ.ಎ. ತರಗತಿಯಲ್ಲಿ ಕೇಳಿದೆ. 'ಉನ್ನತೀಕರಣ' ಎಂದನೊಬ್ಬ. ಹಿಂದಿನ ಬೆಂಚಿನ ಹುಡುಗಿ, 'ನಮ್ಮನೇಲಿ ಒಕ್ಕಲೆಬ್ಬಿಸೋದು ಅಂತಾರೆ ಸಾರ್' ಅಂದಳು. ಬೋರ್ಡಿನ ಮೇಲೆ ಅವಳ ಮಾತನ್ನೇ ಬರೆದೆ. ಅವಳದು ಈಜಿಪುರ, ಅಂದರೆ, ಆಗಿತ್ತು.

ಈ ಪದವನ್ನು 1964ರಲ್ಲಿ ಚಲಾವಣೆಗೆ ತಂದವರು ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್. ಲಂಡನ್ನಿನ ಕಾರ್ಮಿಕರ ಬೀದಿಗಳಿಗೆ ಮಧ್ಯಮವರ್ಗದವರು ಬಂದು ಹಳೇ ಮನೆಗಳನ್ನು ಕೊಂಡು ಚೆಂದ ಮಾಡಿಕೊಳ್ಳುತ್ತಾ ಹೋದಂತೆ ಮೊದಲಿದ್ದವರೇ ಅಲ್ಲಿಂದ ಕಾಣೆಯಾಗುವುದನ್ನು ಆಕೆ ಕಂಡಿದ್ದರು. ಕಾರಣ ಏನೆಂಬ ಜಗಳ ಇನ್ನೂ ಮುಗಿದಿಲ್ಲ. ಡೇವಿಡ್ ಲೇ ಹೊಸ ಮಧ್ಯಮವರ್ಗದ ಅಭಿರುಚಿಯತ್ತ ಬೊಟ್ಟು ಮಾಡಿದರೆ, ನೀಲ್ ಸ್ಮಿತ್ 1979ರಲ್ಲಿ, ನಗರದ ನಡುವಿಗೆ ವಾಪಸಾಗುತ್ತಿರುವುದು ಬಂಡವಾಳ ಎಂದರು. ನೆಲದಿಂದ ಈಗ ಸಿಗುವ ಬಾಡಿಗೆಗೂ ಸಿಗಬಹುದಾದ ಬಾಡಿಗೆಗೂ ಅಂತರ ಹಿಗ್ಗಿದಷ್ಟೂ ಬಂಡವಾಳ ಅಲ್ಲಿಗೆ ನುಗ್ಗುತ್ತದೆ. ನಾನು ಸ್ಮಿತ್ ಕಡೆಯವನು. (ಅಭಿರುಚಿಯ ಮಾತು ಕಾಫಿ ಜೊತೆ ಚೆನ್ನ.) ಆದರೂ ಸ್ಮಿತ್‌ಗೆ ನಮ್ಮ ಕಡೆಯಿಂದ ಒಂದು ಪ್ರಶ್ನೆ ಉಳಿಯುತ್ತದೆ: ಆ ನೆಲ ಮೊದಲಿಗೆ ಅಗ್ಗವಾದದ್ದು ಹೇಗೆ?

ಬೆಂಗಳೂರು ಹಳ್ಳಿಗಳನ್ನು ನುಂಗಿ ಬೆಳೆದ ಊರು. ಹಳ್ಳಿಯ ಜೊತೆಗೆ ಅದರ ಕೇರಿಯನ್ನೂ ನುಂಗಿತು. ತಗ್ಗಿನಲ್ಲೋ ಸುಡುಗಾಡಿನ ಪಕ್ಕದಲ್ಲೋ ಇದ್ದ, ಮೇಲುಜಾತಿಯವರು ಕಾಲಿಡದ ನೆಲಕ್ಕೆ ಬೆಲೆ ಎಲ್ಲಿಂದ ಬರಬೇಕು? ರಸ್ತೆ ಬಂತು, ಕಂಪನಿ ಬಂತು, ಅದೇ ನೆಲ ಚದರಡಿ ಲೆಕ್ಕಕ್ಕೆ ಬಂತು. ಸ್ಮಿತ್ ಹೇಳುವ ಅಂತರವನ್ನು ಇಲ್ಲಿ ಅಗೆದಿಟ್ಟದ್ದು ಅಸ್ಪೃಶ್ಯತೆ. ಎಡಪಂಥೀಯ ಗೆಳೆಯರು ಇದನ್ನು ಬರೀ ವರ್ಗದ ಪ್ರಶ್ನೆ ಎಂದಾಗ ನನಗೆ ಸಿಟ್ಟು ಬರುತ್ತದೆ. ದಲಿತ ವಿಮರ್ಶೆಯ ಮೇಲೂ ಸಿಟ್ಟಿದೆ: ಹಳ್ಳಿಯ ಕೇರಿಯನ್ನು ಓದಿದಷ್ಟು ಶ್ರದ್ಧೆಯಿಂದ ನಗರದ ನಕ್ಷೆಯನ್ನು ನಾವು ಓದಲಿಲ್ಲ.

ಈಜಿಪುರವನ್ನೇ ನೋಡಿ. ಕೋರಮಂಗಲಕ್ಕೆ ಅಂಟಿಕೊಂಡ ಜಾಗ. 1990ರ ದಶಕದ ಆರಂಭದಲ್ಲಿ ಪಾಲಿಕೆ ಅಲ್ಲಿ ಬಡವರಿಗೆಂದು 42 ಬ್ಲಾಕುಗಳಲ್ಲಿ 1,512 ಮನೆ ಕಟ್ಟಿತು. ಅಲ್ಲಿದ್ದವರಲ್ಲಿ ಬಹುಪಾಲು ದಲಿತರು, ಮುಸ್ಲಿಮರು, ಕ್ರೈಸ್ತರು. 2007ರಲ್ಲಿ ಒಂದು ಬ್ಲಾಕು ಕುಸಿಯಿತು. ಹದಿನೈದು ವರ್ಷಕ್ಕೇ ಮುದಿಯಾಗುವ ಕಟ್ಟಡ! ಬೀಳುವ ಹಾಗೆ ಕಟ್ಟಿ, ಬೀಳುವ ತನಕ ಕಾದು, ಬಿದ್ದ ಮೇಲೆ 'ಅಪಾಯಕಾರಿ' ಅಂದರೆ ಆಯಿತು, ನೆಲ ಬಿಡುವಾಗುತ್ತದೆ. ಖಾಸಗಿ ಸಹಭಾಗಿತ್ವದ ಹೆಸರಿನಲ್ಲಿ ಜಾಗದ ಒಂದು ಪಾಲು ಬಿಲ್ಡರಿಗೆ, ಮಾಲ್ ಕಟ್ಟಲಿಕ್ಕೆ. 2013ರ ಜನವರಿಯ ಚಳಿಯಲ್ಲಿ ಪೊಲೀಸರನ್ನು ನಿಲ್ಲಿಸಿಕೊಂಡು ಬುಲ್ಡೋಜರು ತಗಡಿನ ಶೆಡ್ಡುಗಳನ್ನು ನೆಲಸಮ ಮಾಡಿತು. ಮೂಲ ಫಲಾನುಭವಿ ಯಾರು, ಬಾಡಿಗೆಯವರು ಯಾರು ಎಂದು ಕಾಗದ ಕೇಳಿ ಜನರನ್ನೇ ಜನರಿಂದ ಒಡೆದರು. ಬದಲಿ ಜಾಗವೆಂದು ಕೇಳಿಬಂದ ಹೆಸರು ಸರ್ಜಾಪುರ ರಸ್ತೆ ಕಡೆಯ ಸೂಲಿಕುಂಟೆ. ಮತ್ತೆ ಊರಾಚೆ.

'ಬೇರೆ ಕಡೆ ಬಾಡಿಗೆ ಹಿಡಿದರಾಯಿತಲ್ಲ' ಅನ್ನುವವರಿದ್ದಾರೆ. ಹೋದ ವರ್ಷ ನಾನೂ ಮನೆ ಹುಡುಕಿದೆ. ಅಡ್ವಾನ್ಸ್ ಜೇಬಿನಲ್ಲೇ ಇತ್ತು. ಮಾಲೀಕರು ಕೇಳಿದರು, 'ನೀವು ಯಾವ ಜನ?' ಲೆಕ್ಚರರ್ ಅಂದೆ. 'ಅದಲ್ಲಾರೀ...' ಅಂದರು. ಹೇಳಿದೆ. ಮನೆ ಆಗಲೇ ಬೇರೆಯವರಿಗೆ ಮಾತಾಗಿಬಿಟ್ಟಿತ್ತಂತೆ. ಸಂಬಳದವನ ಪಾಡೇ ಹೀಗಾದರೆ ಶೆಡ್ಡಿನಿಂದೆದ್ದವರು ಎಲ್ಲಿಗೆ ಹೋಗಬೇಕು?

ಆ ಹುಡುಗಿಗೆ ಆಗ ಎಂಟು ವರ್ಷವಂತೆ. ಅವಳವ್ವ ಈಗಲೂ ಎರಡು ಬಸ್ಸು ಬದಲಿಸಿ ಕೋರಮಂಗಲಕ್ಕೇ ಪಾತ್ರೆ ಬೆಳಗಲು ಬರುತ್ತಾಳೆ.