ಬೀದಿ ಜಗಳ ಮನೆಗೆ ಬಂದಾಗ

ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಇಡೀ ರಾತ್ರಿಯ ಯಕ್ಷಗಾನ ಪ್ರಸಂಗವನ್ನು ನಲವತ್ತು ನಿಮಿಷಕ್ಕೆ ಇಳಿಸುವ ಕೆಲಸ ಪ್ರತಿಸಲವೂ ನನ್ನ ಪಾಲಿಗೇ ಬರುತ್ತದೆ. ಯಾವುದನ್ನು ಬಿಡಲಿ, ಯಾವುದನ್ನು ಉಳಿಸಲಿ ಎಂದು ಹೆಣಗುವವರ ಕಷ್ಟ ನನಗೆ ಗೊತ್ತು. ಅದಕ್ಕೇ ಇರಬೇಕು, ಹೋದ ಬೇಸಿಗೆ ರಜೆಯಲ್ಲಿ ನ್ಯೂಜೆರ್ಸಿಯ ಅಣ್ಣನ ಮನೆಯಲ್ಲಿ ಕಂಡ ಒಂದು ಹಳೆಯ ವಿಡಿಯೋ ಆಟ ನನ್ನನ್ನು ಹಿಡಿದು ಕೂರಿಸಿತು. ಹೊಡೆದಾಟದ ಆಟಕ್ಕೂ ಟೀಚರಮ್ಮನ ವಿಮರ್ಶೆಯೇ ಎಂದು ನಗಬೇಡಿ.

ಆಟದ ಹೆಸರು ಸ್ಟ್ರೀಟ್ ಫೈಟರ್ 2. ಜಪಾನಿನ ಕ್ಯಾಪ್ಕಾಂ ಕಂಪನಿ 1991ರಲ್ಲಿ ಅದನ್ನು ಕಾಸು ಹಾಕಿ ಆಡುವ ಆಳೆತ್ತರದ ಯಂತ್ರಕ್ಕೆಂದು ಮಾಡಿತು. 1992ರಲ್ಲಿ ಅದು ಟಿ.ವಿ.ಗೆ ಸಿಕ್ಕಿಸುವ ನಿಂಟೆಂಡೊ ಪೆಟ್ಟಿಗೆಗೆ ಬಂತು. ಆ ಪೆಟ್ಟಿಗೆಗೆ ಮೊದಲು ಬಂದಿದ್ದ ಆಟಗಳಿಗೆ 4 ಅಥವಾ 8 ಮೆಗಾಬಿಟ್‌ನ ಕ್ಯಾಸೆಟ್ಟು ಸಾಕಾಗುತ್ತಿತ್ತು. ಇದಕ್ಕೆ 16 ಬೇಕಾಯಿತು. ಆದರೂ ಎಲ್ಲವೂ ಹಿಡಿಯಲಿಲ್ಲ. ನಡುವೆ ಬರುವ, ಪೀಪಾಯಿ ಒಡೆಯುವ ಆಟವನ್ನು ತೆಗೆದು ಇಟ್ಟಿಗೆ ಒಡೆಯುವುದನ್ನು ಇಟ್ಟರು. ಅದರಿಂದ ನಷ್ಟವೇನೂ ಆಗಿಲ್ಲ.

ಕಷ್ಟವಿದ್ದದ್ದು ಗುಂಡಿಗಳದ್ದು. ಯಂತ್ರದಲ್ಲಿ ಆರು ಗುಂಡಿ: ಗುದ್ದಿಗೆ ಮೂರು, ಒದೆತಕ್ಕೆ ಮೂರು. ಹಗುರ, ಮಧ್ಯಮ, ಭಾರಿ. ನಿಂಟೆಂಡೊ ಹಿಡಿಕೆಯ ಮುಖದ ಮೇಲೆ ನಾಲ್ಕು, ನೆತ್ತಿಯ ಮೇಲೆ ಎರಡು. ಭಾರಿ ಪೆಟ್ಟುಗಳೆರಡನ್ನೂ ನೆತ್ತಿಗೆ, ತೋರುಬೆರಳಿಗೆ ಕೊಟ್ಟರು. ಸೇಗಾ ಕಂಪನಿಯ ಹಿಡಿಕೆಯಲ್ಲಿದ್ದದ್ದು ಮೂರೇ ಗುಂಡಿ. 1993ರಲ್ಲಿ ಈ ಆಟ ಅಲ್ಲಿಗೂ ಬಂದಾಗ ಆರು ಗುಂಡಿಯ ಹೊಸ ಹಿಡಿಕೆಯನ್ನೇ ತರಬೇಕಾಯಿತು. ಪಾತ್ರಕ್ಕಾಗಿ ರಂಗವನ್ನೇ ಅಗಲಿಸಿದಂತೆ!

ಮೆಚ್ಚಿದ್ದಾಯಿತು, ಇನ್ನು ನನ್ನ ತಕರಾರು. ಆರಿಸಿಕೊಳ್ಳಲು ಸಿಗುವ ಎಂಟು ಜಟ್ಟಿಗಳಲ್ಲಿ ಹೆಂಗಸು ಒಬ್ಬಳೇ, ಚೀನಾದ ಚುನ್ ಲಿ. ಎರಡನೆಯವಳು ಬಂದದ್ದು 1993ರ ಸೂಪರ್ ಸ್ಟ್ರೀಟ್ ಫೈಟರ್ 2ರಲ್ಲಿ. ನಮ್ಮ ದೇಶದವನೆಂದು ಧಾಲ್ಸಿಂ ಎಂಬೊಬ್ಬನಿದ್ದಾನೆ. ಕೊರಳಲ್ಲಿ ತಲೆಬುರುಡೆಯ ಮಾಲೆ, ಹಿಂದೆ ಆನೆಗಳ ಸಾಲು, ಬಾಯಲ್ಲಿ ಬೆಂಕಿ. ಯೋಗ ಮಾಡಿದರೆ ಕೈಕಾಲು ರಬ್ಬರಿನಂತೆ ಮಾರುದ್ದ ಚಾಚುತ್ತವಂತೆ! ಜಾಗ ಸಾಲದೆಂದು ಪೀಪಾಯಿಯನ್ನು ಬಿಟ್ಟವರು ಈ ಬುರುಡೆಗಳನ್ನು ಮಾತ್ರ ಜೋಪಾನವಾಗಿ ಮನೆಗೆ ತಂದರು.

"ಚಿಕ್ಕವನಿದ್ದಾಗ ಶಾಲೆಯಲ್ಲಿ ನನ್ನನ್ನು ಧಾಲ್ಸಿಂ ಅಂತಲೇ ಕರೀತಿದ್ದರು ಅತ್ತೆ," ಎಂದ ಅಣ್ಣನ ಮಗ. ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

"ಮತ್ತೆ ಇದನ್ನ ಯಾಕೋ ಇಷ್ಟು ವರ್ಷ ಇಟ್ಟುಕೊಂಡಿದ್ದೀಯ?" ಎಂದೆ.

ಅವನು ಎರಡನೆಯ ಹಿಡಿಕೆಯನ್ನು ತೋರಿಸಿದ. ಗುಂಡಿಗಳ ಮೇಲಿನ ಅಕ್ಷರ ಸವೆದುಹೋಗಿತ್ತು. "ಇದು ಅಮ್ಮನದು."

ಅಂಗಡಿಯ ಯಂತ್ರಕ್ಕೆ ಕಾಸು ಸುರಿಯುತ್ತಾನೆ, ಪುಂಡರ ಸಹವಾಸ ಬೇರೆ ಎಂದು ಅತ್ತಿಗೆ ಈ ಪೆಟ್ಟಿಗೆ ಕೊಡಿಸಿದ್ದರಂತೆ. ಕಣ್ಣೆದುರಿಗೇ ಇರಲಿ ಎಂದು. ಆಮೇಲೆ ತಾವೂ ಕೂತರು. ಹಗಲೆಲ್ಲ ಒಬ್ಬರೇ ಇರುತ್ತಿದ್ದ ಮನೆ, ಮಾತಾಡಲು ನೆರೆಹೊರೆಯಿಲ್ಲ. ಮಗ ಶಾಲೆಯಿಂದ ಬಂದಮೇಲೆ ಅರ್ಧ ಗಂಟೆ ಹೊಡೆದಾಟ, ನಂತರ ಕಾಫಿ. ಅವರದು ಯಾವಾಗಲೂ ಚುನ್ ಲಿ.

ಮನೆಯ ಆಟದಲ್ಲಿ ಇಬ್ಬರು ಆಡುವಾಗ, ಒಬ್ಬರ ಬಲವನ್ನು ಕಡಿಮೆ ಮಾಡಿ ಇನ್ನೊಬ್ಬರದನ್ನು ಹೆಚ್ಚಿಸುವ ಅನುಕೂಲವಿದೆ. ಅಮ್ಮ ಗೆಲ್ಲಲಿ ಎಂದು ಮಗ ತನ್ನ ಬಲ ಇಳಿಸಿಕೊಳ್ಳುತ್ತಿದ್ದ. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ, ಕೇಳೋಣವೆಂದರೆ ಅತ್ತಿಗೆ ಈಗಿಲ್ಲ.

ಅಂಗಡಿಯ ಯಂತ್ರಕ್ಕೆ ಸೋತವರು ಬೇಗ ಎದ್ದುಹೋಗಬೇಕು, ಮುಂದಿನವರ ಕಾಸು ಬೀಳಬೇಕು. ಮನೆಯಲ್ಲಿ ಸೋತವರು ಅಲ್ಲೇ ಕೂತಿರುತ್ತಾರೆ. ಈ ವ್ಯತ್ಯಾಸ ಅರಿತು ಮಾಡಿದ್ದರಿಂದಲೇ ಇದನ್ನು ಒಳ್ಳೆಯ ರೂಪಾಂತರ ಎನ್ನುತ್ತೇನೆ. ಬುರುಡೆಮಾಲೆಗೆ ಮಾತ್ರ ನನ್ನ ಕೆಂಪು ಶಾಯಿ ಹಾಗೇ ಇರಲಿ.

ಹೊರಡುವ ಹಿಂದಿನ ದಿನ ಅವನ ಒಂಬತ್ತು ವರ್ಷದ ಮಗಳು, "ಬಾ ಅಜ್ಜಿ, ಆಡೋಣ," ಎಂದು ಸವೆದ ಹಿಡಿಕೆಯನ್ನೇ ಕೈಗಿಟ್ಟಳು. ನಾನು ಗೆದ್ದೆ. ನನ್ನ ಬಲ ಎಷ್ಟಿಟ್ಟಿದ್ದಳೆಂದು ಕೇಳಲಿಲ್ಲ.